ನೂರ ಹನ್ನೆರಡನೆಯ ಪುಟದ ನಲ್ಲಿ

ನೂರ ಹನ್ನೆರಡನೆಯ ಪುಟದಲ್ಲಿ ನಲ್ಲಿಯ ಮಾತು ಬರುವವರೆಗೆ ಅವಳು ಸುಖವಾಗಿಯೇ ಇದ್ದಳು. ಸುಖ ಅಂದರೆ ಅಂಥ ದೊಡ್ಡದೇನಲ್ಲ. ಒಂಬತ್ತೂಕಾಲಿನ ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟು ಸಿಕ್ಕಿ, ತೊಡೆಯ ಮೇಲೆ ವಿದ್ಯಾರ್ಥಿನಿಯ ಪ್ರಬಂಧ ಬಿಚ್ಚಿಕೊಂಡು, ಕೈಯಲ್ಲಿ ಪೆನ್ಸಿಲ್ಲಿದ್ದರೂ ಎಲ್ಲಿಯೂ ಗೀಟು ಎಳೆಯಬೇಕೆನಿಸದೆ ಓದುತ್ತ ಹೋಗುವ ಸುಖ. ಪಕ್ಕದಲ್ಲಿ ಕೂತಿದ್ದ ಮುದುಕಿಯೊಬ್ಬಳು ಹಾಳೆಯ ಮೇಲೆ ಕಣ್ಣು ಹಾಯಿಸಿ, 'ರೌಡಿಗಳ ಶಿಕ್ಷಾ ಪದ್ಧತಿ' ಎಂಬ ತಲೆಬರಹ ಓದಿ, ಅವಳ ಮುಖ ನೋಡಿ, ತನ್ನ ಚೀಲವನ್ನು ಒಂದಿಷ್ಟು ಹತ್ತಿರಕ್ಕೆ ಎಳೆದುಕೊಂಡಿದ್ದಳು. ಅದೂ ಅವಳಿಗೆ ಹಿತವೆನಿಸಿತು. ಇಪ್ಪತ್ತೇಳು ವರ್ಷಗಳಿಂದ ಬೀದಿ ಗ್ಯಾಂಗುಗಳ ಬಗ್ಗೆ ಬಂದ ಪುಸ್ತಕ, ಲೇಖನ, ವರದಿಗಳನ್ನೆಲ್ಲ ಓದಿ, ಓದಿದ್ದಕ್ಕೆ ಟಿಪ್ಪಣಿ ಬರೆದು, ಟಿಪ್ಪಣಿಗಳಿಗೆ ಸೂಚಿ ಮಾಡಿ, ಆ ವಿಷಯದಲ್ಲಿ ಯಾರಿಗೆ ಏನು ಅನುಮಾನ ಬಂದರೂ 'ಮೇಡಮ್ಮನ್ನ ಕೇಳಿ' ಎಂದು ಬೆರಳು ತೋರಿಸುವಷ್ಟು ಹೆಸರು ಮಾಡಿದ್ದ ಅವಳು, ಇಷ್ಟು ವರ್ಷಗಳಲ್ಲಿ ಒಬ್ಬನೇ ಒಬ್ಬ ಗ್ಯಾಂಗಿನವನನ್ನು ಎದುರಿಗೆ ಕೂರಿಸಿಕೊಂಡು ಮಾತಾಡಿಸಿದವಳಲ್ಲ. ಇದು ಅವಳನ್ನು ಬಿಟ್ಟು ಇನ್ನೊಂದು ಜೀವಕ್ಕೆ ಗೊತ್ತಿರಲಿಲ್ಲ.

ಸುಖಕ್ಕೆ ಕಾರಣ ಇಷ್ಟೇ: ಅದು ಇತ್ತು. ಮೌನದಂಡ ನಿಜಕ್ಕೂ ಇತ್ತು. ವಿದ್ಯಾರ್ಥಿನಿ ಹದಿನಾಲ್ಕು ತಿಂಗಳು ಬೀದಿ ಅಲೆದು, ಮೊದಲ ಸಲ ಬರಿಗೈಲಿ ಬಂದು, ಎರಡನೆಯ ಸಲ ಹೋಗಿ ಆರು ಹೊಸ ಸಂದರ್ಶನಗಳನ್ನು ತಂದಿದ್ದಳು. ಆರರಲ್ಲೂ ಅದೇ ಇತ್ತು. ಗ್ಯಾಂಗಿನಲ್ಲಿ ತಪ್ಪು ಮಾಡಿದವನನ್ನು ಹೊಡೆಯುವುದಿಲ್ಲ, ಹೊರಗೆ ಹಾಕುವುದೂ ಇಲ್ಲ; ಅವನ ಜೊತೆ ಮಾತು ನಿಲ್ಲಿಸುತ್ತಾರೆ. ಏನು ತಪ್ಪು ಎಂದು ಹೇಳುವುದಿಲ್ಲ. ಎಷ್ಟು ದಿನ ಎಂದೂ ಹೇಳುವುದಿಲ್ಲ. ನಾಯಕ ಮೊದಲು ನಿಲ್ಲಿಸುತ್ತಾನೆ, ಉಳಿದವರು ಅವನ ಮುಖ ನೋಡಿ ನಿಲ್ಲಿಸುತ್ತಾರೆ, ಆಮೇಲೆ ಒಂದು ದಿನ ಏನೂ ನಡೆದೇ ಇಲ್ಲವೆಂಬಂತೆ ನಾಯಕ 'ಬಾಗಿಲು ಹಾಕು' ಎಂದೋ 'ದೀಪ ಆರಿಸು' ಎಂದೋ ಅನ್ನುತ್ತಾನೆ, ಶಿಕ್ಷೆ ಮುಗಿಯುತ್ತದೆ. ಇದಕ್ಕೆ ಮೌನದಂಡ ಎಂದು ಹೆಸರಿಟ್ಟು, ಇದರ ಮೇಲೆ ಮುನ್ನೂರು ಪುಟದ ಪುಸ್ತಕ ಬರೆದವರು ವಿಭಾಗದ ಹಿರಿಯ ಪ್ರೊಫೆಸರು. ನಿವೃತ್ತರಾದ ಮೇಲೂ ಕೋಣೆ ಬಿಡದ ಅವರನ್ನು ವಿದ್ಯಾರ್ಥಿಗಳು ಬೆನ್ನ ಹಿಂದೆ 'ದಂಡದ ಮೇಷ್ಟ್ರು' ಅನ್ನುತ್ತಿದ್ದರು. ಮೌನದ ಬಗ್ಗೆ ಅವರಷ್ಟು ಮಾತಾಡಿದವರು ಯಾರೂ ಇರಲಾರರು. ಆ ಪುಸ್ತಕಕ್ಕೆ ಆಧಾರ ಹದಿನೆಂಟು ಫಾರ್ಮುಗಳು. ಆ ಫಾರ್ಮುಗಳನ್ನು ತುಂಬಿದವಳು ಅವಳು.

ತುಂಬಿದ್ದು ಲೈಬ್ರರಿಯ ಮೂರನೇ ಮಹಡಿಯಲ್ಲಿ, ಯಾರೂ ಮುಟ್ಟದ ಹಳೇ ವರದಿಗಳ ಕಪಾಟಿನ ಸಂದಿಯಲ್ಲಿ ಕೂತು. ಆಗ ಮದುವೆಯಾಗಿ ನಾಲ್ಕು ತಿಂಗಳು. ಗೋದಾಮುಗಳ ಹಿಂದಿನ ಬೀದಿಗೆ ಹೋಗಿ, ನಲವತ್ತೆರಡು ಪ್ರಶ್ನೆ ಕೇಳಿ, ಉತ್ತರ ಬರೆದುಕೊಂಡು ಬರುವುದು ಮೇಷ್ಟ್ರು ಒಪ್ಪಿಸಿದ ಕೆಲಸ. 'ಸಂಜೆ ಆರರ ಮೇಲೆ ಹೋಗಮ್ಮಾ, ಆಗಲೇ ಅವರು ಸಿಗೋದು' ಎಂದಿದ್ದರು ಮೇಷ್ಟ್ರು. ಐದೂವರೆಗೆ ಅತ್ತೆಯ ಮನೆಯ ಅಡುಗೆಮನೆಯಲ್ಲಿ ಇರಬೇಕಾದವಳು ಆರರ ಮೇಲೆ ಗೋದಾಮಿನ ಹಿಂದೆ ಹೇಗೆ ಇರುವುದು ಎಂದು ಕೇಳಲು ಬಾಯಿ ಬರಲಿಲ್ಲ. ಒಂದು ಮಧ್ಯಾಹ್ನ ಮೂರಕ್ಕೆ ಹೋದಳು. ಬಿಸಿಲಿಗೆ ಬೀದಿ ಖಾಲಿ ಹೊಡೆಯುತ್ತಿತ್ತು. ನಿಂತಿದ್ದ ಒಂದು ಲಾರಿಯ ಅಡಿಯಿಂದ ಎರಡು ಪಾದಗಳು ಮಾತ್ರ ಕಾಣುತ್ತಿದ್ದವು. ಆ ಪಾದಗಳು 'ಯಾರು ಬೇಕಮ್ಮಾ?' ಎಂದು ಕೇಳಿದವು. 'ಯಾರೂ ಬೇಡ' ಎಂದಳು. 'ಹಂಗಾದ್ರೆ ಬಿಸ್ಲಲ್ಲಿ ಯಾಕ್ ನಿಂತಿದೀಯ, ಈ ಕಡೆ ನೆರಳಿದೆ ಬಾ' ಎಂದವು ಪಾದಗಳು. ಬೈದಿದ್ದರೆ, ಶಿಳ್ಳೆ ಹೊಡೆದಿದ್ದರೆ ನಿಂತುಬಿಡುತ್ತಿದ್ದಳೋ ಏನೋ. ಅತ್ತೆಯ ಮನೆಗೆ ಹೋದ ಮೇಲೆ ನೆರಳಿಗೆ ಬಾ ಎಂದು ಕರೆದವರು ಅವರೊಬ್ಬರೇ ಆದ್ದರಿಂದ ಓಡಿದಂತೆ ನಡೆದುಕೊಂಡು ಬಂದು ಬಸ್ಸು ಹತ್ತಿದಳು. ಮುಖ ಕಾಣದ ಒಬ್ಬ ಮೆಕ್ಯಾನಿಕ್ಕಿನ ಒಳ್ಳೆಯ ಮಾತಿಗೆ ಹೆದರಿದವಳು ತಾನು ಎಂಬುದನ್ನು ಯಾವ ಟಿಪ್ಪಣಿಯಲ್ಲೂ ಬರೆಯುವಂತಿರಲಿಲ್ಲ.

ಆವತ್ತಿಗೆ ಮನೆಯಲ್ಲಿ ಅವಳ ಜೊತೆ ಯಾರೂ ಮಾತಾಡದೆ ಆರನೆಯ ದಿನ. ಯಾಕೆಂದು ಇವತ್ತಿಗೂ ಗೊತ್ತಿಲ್ಲ. ಕುರ್ಚಿ ಎಳೆದ ಸದ್ದಿಗೋ, ನಕ್ಕದ್ದಕ್ಕೋ, ತಂಗಿಯ ಕಾಗದವನ್ನು ತಾನೇ ಒಡೆದು ಓದಿದ್ದಕ್ಕೋ. ಹನ್ನೊಂದನೆಯ ಪ್ರಶ್ನೆ: 'ಗುಂಪಿನ ಮುಖ್ಯಸ್ಥ ಯಾರು? ಆತನ ಅಧಿಕಾರ ಹೇಗೆ ವ್ಯಕ್ತವಾಗುತ್ತದೆ?' ಪೆನ್ನು ಹಿಡಿದು ಕೂತವಳಿಗೆ ಅತ್ತೆ ಊಟದ ಮೇಜಿನ ತುದಿಯಲ್ಲಿ ಕೂತು, ಒಂದು ಸಲ ಗಂಟಲು ಸರಿಮಾಡಿಕೊಂಡೊಡನೆ ಎಲ್ಲರ ಚಮಚಗಳೂ ಸ್ತಬ್ಧವಾಗುವುದು ಕಣ್ಣಿಗೆ ಕಟ್ಟಿತು. 'ಮುಖ್ಯಸ್ಥ ಹೆಚ್ಚು ಮಾತಾಡುವುದಿಲ್ಲ, ಕೆಮ್ಮುತ್ತಾನೆ' ಎಂದು ಬರೆದಳು. ಬರೆದ ಮೇಲೆ ಕೈ ನಿಲ್ಲಲಿಲ್ಲ. ಹೊಸಬ ಮೊದಲ ವರ್ಷ ಎಲ್ಲರೂ ಕೂತ ಮೇಲೆ ಕೂರುತ್ತಾನೆ, ಎಲ್ಲರೂ ಏಳುವ ಮೊದಲು ಏಳುತ್ತಾನೆ. ಮುಖ್ಯಸ್ಥನ ಬಲಗೈಯಂತಿರುವವನು ಹೊಸಬನಿಗಿಂತ ಮೊದಲು ಇದೇ ಶಿಕ್ಷೆ ಉಂಡವನು, ಆದ್ದರಿಂದ ಅವನೇ ಹೆಚ್ಚು ಕಟ್ಟುನಿಟ್ಟು. ಇದು ದೊಡ್ಡ ಓರಗಿತ್ತಿ. ಇನ್ನೊಂದು ಬಗೆಯವನಿದ್ದಾನೆ, ಅವನಿಗೆ ಶಿಕ್ಷೆ ಸರಿಯೆನಿಸುವುದಿಲ್ಲ, ಆದರೆ ಪೇಪರು ಮುಖಕ್ಕೆ ಹಿಡಿದುಕೊಂಡು ತಾನೂ ಮಾತಾಡುವುದಿಲ್ಲ. ಇದು ಗಂಡ. ಮೇಷ್ಟ್ರ ಪುಸ್ತಕದಲ್ಲಿ ಆತ 'ಎರಡನೆಯ ಮಾದರಿ: ಅನಿಚ್ಛಾ ಪಾಲಕ' ಎಂದು ಪ್ರತ್ಯೇಕ ಉಪಶೀರ್ಷಿಕೆ ಪಡೆದ. ಆಮೇಲೆ ಬಂದ ಲೇಖನಗಳಲ್ಲಿ ಆತನ ಬಗ್ಗೆ ಚರ್ಚೆಯಾಯಿತು, ಒಬ್ಬರು ಸಮರ್ಥಿಸಿದರು, ಇಬ್ಬರು ಖಂಡಿಸಿದರು. ತಾನು ಮೂರು ಭಾಷೆಗಳಲ್ಲಿ ಉಲ್ಲೇಖಗೊಂಡಿರುವುದು ತಿಳಿಯದ ಗಂಡ ಇವತ್ತು ಬೆಳಿಗ್ಗೆಯೂ ಪೇಪರು ಹಿಡಿದುಕೊಂಡೇ ಕೂತಿದ್ದ.

ಫಾರ್ಮುಗಳನ್ನು ಓದಿದ ಮೇಷ್ಟ್ರು ಕುರ್ಚಿಯಿಂದ ಎದ್ದೇಬಿಟ್ಟಿದ್ದರು. 'ಇದು ಚಿನ್ನ ಕಣಮ್ಮಾ! ಇಷ್ಟು ವರ್ಷ ಎಲ್ಲರೂ ಚಾಕು ಚೂರಿ ಎಣಿಸ್ತಾ ಕೂತಿದ್ರು. ಒಳಗಿನ ಮನಸ್ಸು ನೋಡಿದವರು ಯಾರು? ನೀನು ಹೆಂಗೆ ಅವರ ಬಾಯಿ ಬಿಡಿಸಿದೆ?' ಅವಳು ತಲೆ ತಗ್ಗಿಸಿದಳು. ಅದನ್ನು ಅವರು ವಿನಯ ಎಂದುಕೊಂಡರು. ಆ ವಿನಯವೇ ಅವಳಿಗೆ ಕೆಲಸ ಕೊಡಿಸಿತು, ಬಡ್ತಿ ಕೊಡಿಸಿತು. ತಪ್ಪೊಪ್ಪಿಕೊಳ್ಳಬೇಕೆಂದು ಮೂರು ಸಲ ಅವರ ಕೋಣೆಗೆ ಹೋಗಿದ್ದಳು. ಒಂದು ಸಲ ಅವರು ಫೋನಿನಲ್ಲಿದ್ದರು, ಒಂದು ಸಲ ಅವರ ಹುಟ್ಟಿದ ದಿನ, ಮೂರನೆಯ ಸಲ ಬಾಗಿಲು ತೆಗೆದವಳು 'ಗೋಂದು ಇದೆಯಾ ಸರ್' ಎಂದು ಕೇಳಿ ತಂದುಕೊಂಡಳು. ಇಷ್ಟಕ್ಕೂ ಯಾರಿಗೆ ಏನು ನಷ್ಟವಾಗಿದೆ ಎಂದು ಸಮಾಧಾನ ಮಾಡಿಕೊಳ್ಳುವ ಅಭ್ಯಾಸವಾಗಿತ್ತು. ಆ ಸಮಾಧಾನಕ್ಕೆ ಕಲ್ಲು ಬಿದ್ದದ್ದು ನಾಲ್ಕು ವರ್ಷದ ಹಿಂದೆ ಒಂದು ವಿಚಾರಗೋಷ್ಠಿಯಲ್ಲಿ. ಪೊಲೀಸ್ ತರಬೇತಿ ಶಾಲೆಯಲ್ಲಿ ಪಾಠ ಹೇಳುವ ನಿವೃತ್ತ ಅಧಿಕಾರಿಯೊಬ್ಬರು ಊಟದ ಹೊತ್ತಿನಲ್ಲಿ ತಟ್ಟೆ ಹಿಡಿದುಕೊಂಡು ಬಂದು, 'ಮೇಡಂ, ನಿಮ್ಮ ಮೌನದಂಡ ನಾವು ಸಿಲಬಸ್ಸಲ್ಲೇ ಇಟ್ಟಿದೀವಿ. ಗುಂಪಲ್ಲಿ ಒಬ್ಬ ಮಾತಾಡದೆ ಮೂಲೇಲಿ ಕೂತಿದ್ರೆ ಅವನೇ ಬಿರುಕು, ಅವನನ್ನ ಎತ್ತಾಕ್ಕೊಂಡು ಬನ್ನಿ ಅಂತ ಹೇಳಿಕೊಡ್ತೀವಿ' ಎಂದು, ನಗುತ್ತ, 'ಒಂದ್ಸಲ ಮಾತ್ರ ಎಡವಟ್ಟಾಯ್ತು. ಎರಡು ದಿನ ಕೂರಿಸಿಕೊಂಡ್ವಿ, ಏನು ಮಾಡಿದ್ರೂ ಬಾಯೇ ಬಿಡಲಿಲ್ಲ. ಆಮೇಲೆ ಅವನ ತಾಯಿ ಬಂದು ಅತ್ಕೊಂಡು ಹೇಳಿದ್ಳು, ತೊದಲ್ತಾನೆ ಸ್ವಾಮಿ, ನಾಚಿಕೆಗೆ ಮಾತಾಡಲ್ಲ ಅಂತ!' ಎಂದರು. ಅವಳೂ ನಕ್ಕಳು. ನಕ್ಕದ್ದು ಕೇಳಿಸಿತು. ಏನು ಮಾಡಿದ್ರೂ ಎಂದರೆ ಏನೇನು ಎಂದು ಕೇಳಬೇಕಾಗಿತ್ತು. ಕೇಳುವ ಬದಲು ಅವರ ತಟ್ಟೆಗೆ ಇನ್ನೊಂದು ತುಂಡು ಬ್ರೆಡ್ಡು ಹಾಕಿದಳು.

ಆದರೆ ಇವತ್ತು, ಈ ಬಸ್ಸಿನಲ್ಲಿ, ಎಲ್ಲವೂ ಮನ್ನಾ ಆಗಿತ್ತು. ಇಲ್ಲದ್ದನ್ನು ಅವಳು ಬರೆದಿದ್ದರೂ ಅದು ಇತ್ತು. ಕಣ್ಣುಮುಚ್ಚಿ ಎಸೆದ ಕಲ್ಲು ಸರಿಯಾದ ಹಣ್ಣಿಗೇ ಬಿದ್ದಿತ್ತು. ಹಾಗಾದರೆ ಪ್ರಪಂಚದ ಗ್ಯಾಂಗುಗಳೆಲ್ಲ ನಮ್ಮ ಅತ್ತೆಯ ಮನೆಯಂತೆಯೇ ಇವೆ ಎಂದು ಯೋಚಿಸಿ ಅವಳಿಗೆ ನಗು ಬಂದು, ಮುದುಕಿಯ ಚೀಲ ಇನ್ನೊಂದಿಷ್ಟು ಹತ್ತಿರ ಸರಿಯಿತು. ಪುಟ ತಿರುಗಿಸಿದಳು. ನೂರ ಹನ್ನೆರಡು. 'ಶಿಕ್ಷೆಯ ನಾಲ್ಕನೆಯ ದಿನದ ಹೊತ್ತಿಗೆ ವ್ಯಕ್ತಿಗೆ ತನ್ನ ದನಿ ಇದೆಯೋ ಇಲ್ಲವೋ ಎಂಬ ಅನುಮಾನ ಬರುತ್ತದೆ. ಆಗ ಆತ ನಲ್ಲಿಯನ್ನು ಜೋರಾಗಿ ಬಿಟ್ಟು, ನೀರಿನ ಸದ್ದಿನ ಮರೆಯಲ್ಲಿ ತನ್ನ ಹೆಸರನ್ನು ತಾನೇ ಕರೆದುಕೊಂಡು ನೋಡುತ್ತಾನೆ.'

ಪೆನ್ಸಿಲ್ಲು ಕೈಯಿಂದ ಜಾರಿ ಸೀಟುಗಳ ಅಡಿಗೆ ಉರುಳಿತು. ಇದನ್ನು ಅವಳು ಯಾವ ಫಾರ್ಮಿನಲ್ಲೂ ಬರೆದಿರಲಿಲ್ಲ. ಆದ್ದರಿಂದ ಇದು ಮೇಷ್ಟ್ರ ಪುಸ್ತಕದಲ್ಲಿರಲಿಲ್ಲ, ಯಾವ ಸಾಹಿತ್ಯದಲ್ಲೂ ಇರಲಿಲ್ಲ. ಪಾತ್ರೆ ತೊಳೆಯುವ ಕಲ್ಲಿನ ಮುಂದೆ ನಿಂತು, ನಲ್ಲಿಯನ್ನು ಪೂರ್ತಿ ತಿರುಗಿಸಿ, ತವರಿನವರು ಕರೆಯುತ್ತಿದ್ದ ಹೆಸರಿನಿಂದ ತನ್ನನ್ನು ಮೂರು ಸಲ ಕರೆದುಕೊಂಡದ್ದು, ಮೂರನೆಯ ಸಲ 'ಏನೇ?' ಎಂದು ತಾನೇ ಓಗೊಟ್ಟು ಬೆಚ್ಚಿಬಿದ್ದದ್ದು ನಾಚಿಕೆಯ ವಿಷಯವಾಗಿತ್ತು. ಸುಳ್ಳು ಫಾರ್ಮಿನಲ್ಲಿ ಸಹ ಬರೆಯಲಾಗದಷ್ಟು ನಾಚಿಕೆ. ಮೊದಲು ಅವಳಿಗೆ ಮೈ ಜುಮ್ಮೆಂದಿತು. ಆಮೇಲೆ, ಇಪ್ಪತ್ತೇಳು ವರ್ಷದ ಓದಿನ ಅಭ್ಯಾಸವೇ ಅವಳ ಕೈ ಹಿಡಿದು ಹಿಂದಿನ ಪುಟಗಳಿಗೆ ಎಳೆದುಕೊಂಡು ಹೋಯಿತು. ಮೊದಲ ಅಧ್ಯಾಯದಲ್ಲಿ ಬೀದಿಯ ನಕ್ಷೆ. ವಿದ್ಯಾರ್ಥಿನಿ ಹೆಜ್ಜೆ ಎಣಿಸಿ ಬರೆದ ಪ್ರಾಮಾಣಿಕ ನಕ್ಷೆ. ಇಡೀ ಬೀದಿಗೆ ಒಂದು ನಲ್ಲಿ. ದಿನಕ್ಕೆ ಒಂದು ಗಂಟೆ ನೀರು. 'ಆ ಒಂದು ಗಂಟೆ ಅಲ್ಲಿ ಕನಿಷ್ಠ ಅರವತ್ತು ಜನ ಜಗಳವಾಡುತ್ತಿರುತ್ತಾರೆ.' ಅರವತ್ತು ಜನರ ನಡುವೆ ನಿಂತು ತನ್ನ ಹೆಸರನ್ನು ತಾನೇ ಕರೆದುಕೊಳ್ಳುವ ರೌಡಿ! ಅವಳು ಪ್ರಬಂಧವನ್ನು ಮುಚ್ಚಿದಳು. ಲೈಬ್ರರಿಯ ಅದೇ ಕಪಾಟಿನ ಸಂದಿಯಲ್ಲಿ, ತನ್ನಂತೆಯೇ, ಇನ್ನೊಬ್ಬಳು ಕೂತು ಬರೆದಿದ್ದಳು.

ವಿಭಾಗದ ಮೆಟ್ಟಿಲ ಮೇಲೆಯೇ ವಿದ್ಯಾರ್ಥಿನಿ ಕಾಯುತ್ತಿದ್ದಳು. ಮೂವತ್ತರ ಹತ್ತಿರದ ಸಣಕಲು ಹೆಣ್ಣು. ಕುತ್ತಿಗೆಗೆ ರೆಕಾರ್ಡರು ನೇತುಹಾಕಿಕೊಂಡು ಬೀದಿ ಬೀದಿ ಸುತ್ತುತ್ತಿದ್ದ ಅವಳಿಗೆ ಗ್ಯಾಂಗಿನವರೇ 'ಟೇಪಕ್ಕ' ಎಂದು ಹೆಸರಿಟ್ಟಿದ್ದರು, ಅದು ವಿಭಾಗದಲ್ಲೂ ನಿಂತುಬಿಟ್ಟಿತ್ತು. ಇವಳು ನಿಜವಾಗಿ ಹೋದವಳು. ಮೊದಲ ಕರಡು ತಂದಾಗ ಅವಳ ಕಣ್ಣು ಹೊಳೆಯುತ್ತಿದ್ದುದು ನೆನಪಿತ್ತು. 'ಮೇಡಂ, ಮೌನಾನಾ? ಒಬ್ಬನಿಗೂ ಎರಡು ನಿಮಿಷ ಬಾಯಿ ಮುಚ್ಕೊಂಡಿರಕ್ಕೆ ಬರಲ್ಲ. ಒಬ್ಬರ ಮೇಲೊಬ್ಬರು ಚಾಡಿ, ಗೊಣಗು, ಹಾಡು. ತಪ್ಪು ಮಾಡಿದ್ರೆ ಅಲ್ಲೇ ನಾಲ್ಕು ಬಿಗಿದು, ಅರ್ಧ ಗಂಟೇಲಿ ಹೆಗಲ ಮೇಲೆ ಕೈ ಹಾಕ್ಕೊಂಡು ಹೋಗ್ತಾರೆ. ನಂಗೆ ಹೊಟ್ಟೆಕಿಚ್ಚಾಗ್ತಿತ್ತು ಮೇಡಂ!' ಆ ಕರಡಿನ ಮೇಲೆ ಮೇಷ್ಟ್ರು ಕೆಂಪು ಶಾಯಿಯಲ್ಲಿ 'ಮೌನದಂಡ ಎಲ್ಲಿ? ಕ್ಷೇತ್ರಕಾರ್ಯ ಸಾಲದು' ಎಂದು ಬರೆದರು. ಮಾರ್ಗದರ್ಶಕಿಯಾಗಿ ಅವಳು ಹೇಳಿದ್ದು ಒಂದೇ ವಾಕ್ಯ: 'ಇನ್ನೊಂದ್ಸಲ ಹೋಗಿ ನೋಡು.' ಹಾಗೆನ್ನುವಾಗ ಟೇಪಕ್ಕನ ಮುಖ ನೋಡದೆ ಸ್ಟೇಪ್ಲರಿಗೆ ಪಿನ್ನು ತುಂಬುತ್ತಿದ್ದಳು.

'ಕೂತ್ಕೋ' ಎಂದಳು ಕೋಣೆಯ ಬಾಗಿಲು ಹಾಕಿ.

'ಓದಿದ್ರಾ ಮೇಡಂ?'

'ಬಸ್ಸಲ್ಲಿ ಓದಿದೆ.'

'ಈಗ ಸರಿ ಇದೆಯಲ್ವಾ? ಸರ್ ಏನೂ ಅನ್ನಲ್ಲ ಅಲ್ವಾ?'

'ತುಂಬಾ ಸರಿ ಇದೆ. ಅದೇ ಕಷ್ಟ.' ಸ್ವಲ್ಪ ಹೊತ್ತು ಮೇಜಿನ ಮೇಲಿನ ಗಾಜನ್ನು ಉಜ್ಜಿದಳು. 'ಆ ಬೀದೀಲಿ ನಲ್ಲಿ ಎಷ್ಟಿದಾವೆ?'

'ಒಂದು' ಎಂದ ಟೇಪಕ್ಕ ಅಷ್ಟಕ್ಕೇ ನಿಂತಳು. ಕುತ್ತಿಗೆಯ ರೆಕಾರ್ಡರನ್ನು ಮುಷ್ಟಿಯಲ್ಲಿ ಹಿಡಿದುಕೊಂಡಳು. ಎದುರಿನವರ ಮುಖದಿಂದ ರಕ್ತ ಇಳಿಯುವುದನ್ನು ಅವಳು ಅಷ್ಟು ಹತ್ತಿರದಿಂದ ಕಂಡಿರಲಿಲ್ಲ. ಎಷ್ಟೋ ಸಲ ಕನಸಿನಲ್ಲಿ ತನ್ನದೇ ಮುಖ ಹಾಗಾಗುವುದನ್ನು ಕಂಡಿದ್ದಳು, ಎದುರಿಗೆ ಯಾವಾಗಲೂ ಮೇಷ್ಟ್ರು ಇರುತ್ತಿದ್ದರು. ಈಗ ಮೇಷ್ಟ್ರ ಕುರ್ಚಿಯಲ್ಲಿ ತಾನೇ ಕೂತಿದ್ದಳು. ಅಲ್ಲಿಂದ ನೋಡಿದರೆ ಅದು ಅಷ್ಟೇನೂ ಭಯಂಕರವಾಗಿರಲಿಲ್ಲ, ಬರೀ ಸಂಕಟವಾಗುತ್ತಿತ್ತು.

'ಈ ಸಲ ಎಷ್ಟು ದಿನ ಆಯ್ತು?'

'ಏನು ಮೇಡಂ?'

'ನಿಮ್ಮನೇಲಿ. ಮಾತು ಬಿಟ್ಟು.'

ಟೇಪಕ್ಕ ರೆಕಾರ್ಡರಿನ ದಾರವನ್ನು ಬೆರಳಿಗೆ ಸುತ್ತಿಕೊಂಡಳು. ಹೊರಗೆ ಯಾರೋ ಬಕೆಟ್ಟು ಎಳೆದುಕೊಂಡು ಹೋದರು. 'ಇವತ್ತಿಗೆ ಒಂಬತ್ತು' ಎಂದಳು.

'ಅತ್ತೇನಾ?'

'ಅತ್ತೆ, ಮಾವ, ನಾದಿನಿ. ನಾದಿನಿ ಬೇಕಾದ್ದನ್ನ ಗೋಡೆಗೆ ಹೇಳ್ತಾಳೆ. ನಾನು ಗೋಡೆ ಕಡೆಯಿಂದ ಕೇಳಿಸ್ಕೊಂಡು ಮಾಡ್ಬೇಕು.'

'ಗಂಡ?'

'ಅವರು... ಎರಡನೇ ಮಾದರಿ ಮೇಡಂ.'

ಅವಳಿಗೆ ನಗು ತಡೆಯಲಾಗಲಿಲ್ಲ. ಟೇಪಕ್ಕನೂ ನಕ್ಕಳು. ಇಬ್ಬರೂ ಬಾಯಿಗೆ ಕೈ ಅಡ್ಡ ಹಿಡಿದುಕೊಂಡು, ತರಗತಿಯಲ್ಲಿ ಸಿಕ್ಕಿಬಿದ್ದ ಶಾಲೆಯ ಹುಡುಗಿಯರಂತೆ, ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಟೇಪಕ್ಕನ ಕಣ್ಣಿನ ನೀರು ಮಾತ್ರ ನಗು ಮುಗಿದ ಮೇಲೂ ನಿಲ್ಲಲಿಲ್ಲ. 'ಬೈಬೇಡಿ ಮೇಡಂ. ಹೋಗಿದ್ದೆ. ಇನ್ನೂ ಎರಡು ತಿಂಗಳು ಹೋಗಿದ್ದೆ. ನಿಮ್ಮಲ್ಲಿ ಮಾತಾಡದೆ ಶಿಕ್ಷೆ ಕೊಡ್ತಾರಾ ಅಂದ್ರೆ ಬಿದ್ದು ಬಿದ್ದು ನಗ್ತಾರೆ. ಅಕ್ಕಾ, ಅಂಥಾ ಕ್ರೂರಿಗಳಾ ನಾವು ಅಂತಾರೆ.' ಮೂಗು ಒರೆಸಿಕೊಂಡಳು. 'ಒಂದು ವಿಷ್ಯ ಹೇಳ್ಲಾ? ಮೊದಲ್ನೇ ಸಲ ಸರ್ ಪುಸ್ತಕದಲ್ಲಿ ನಿಮ್ಮ ಫಾರ್ಮುಗಳನ್ನ ಓದಿದಾಗ ನಂಗೆ ರಾತ್ರಿಯೆಲ್ಲ ನಿದ್ದೆ ಬರಲಿಲ್ಲ. ಅಲ್ಲೀವರ್ಗೂ ನಂದೇ ಏನೋ ತಪ್ಪು ಅನ್ಕೊಂಡಿದ್ದೆ. ಇದು ಒಂದು ಪದ್ಧತಿ, ಇದಕ್ಕೊಂದು ಹೆಸರಿದೆ, ಅಡಿಟಿಪ್ಪಣಿ ಬೇರೆ ಇದೆ ಅಂತ ಗೊತ್ತಾಗಿ ಎಷ್ಟು ಧೈರ್ಯ ಬಂತು ಅಂದ್ರೆ... ನಂಗೆ ಗ್ಯಾಂಗಿನವರ ಮೇಲೆ ಪ್ರೀತಿ ಬಂತು.'

ಅವಳು ಡ್ರಾಯರು ತೆಗೆದು ಮುಚ್ಚಿದಳು. ಟೇಪಕ್ಕ ಉಳಿದದ್ದನ್ನೂ ಹೇಳಿದಳು. ದೂರದ ಊರಿನ ಕಾಲೇಜೊಂದರಲ್ಲಿ ಕೆಲಸ ಸಿಕ್ಕಿದೆ, ಇರಲು ಒಂದು ಕೋಣೆ ಕೊಡುತ್ತಾರೆ. ತಿಂಗಳ ಕೊನೆಯೊಳಗೆ ಪ್ರಬಂಧ ಒಪ್ಪಿತವಾದ ಪತ್ರ ಹಾಜರುಪಡಿಸಬೇಕು. ಇವತ್ತು ಮೂರು ಗಂಟೆಯ ಸಮಿತಿ ತಪ್ಪಿದರೆ ಮುಂದಿನದು ಮೂರು ತಿಂಗಳಿಗೆ, ಕೆಲಸ ಬೇರೆಯವರಿಗೆ. 'ಹೋದ್ರೆ ನಾನೊಬ್ಳೇ ಹೋಗೋದು' ಎಂದಳು, ಅದನ್ನು ಒತ್ತಿ ಹೇಳದೆ.

'ಹಳೇ ಅಧ್ಯಾಯ ಇದೆಯಾ? ನಿಜವಾದ್ದು?'

'ಇದೆ. ಅದು ಕೊಟ್ರೆ ಸರ್ ಸಹಿ ಹಾಕಲ್ಲ.'

'ನಾನು ಒಂದು ಮಾತು ಹೇಳಿದ್ರೆ ಹಾಕ್ಲೇಬೇಕಾಗತ್ತೆ. ತಾ ಇಲ್ಲಿ.'

'ಬೇಡ ಮೇಡಂ. ಇದೇ ಇರ್ಲಿ. ದಮ್ಮಯ್ಯ, ಇದೊಂದ್ಸಲ ಇದೇ ಇರ್ಲಿ.'

'ತಾ' ಎಂದಳು. ತನ್ನ ದನಿಯಲ್ಲಿ ಅತ್ತೆಯ ದನಿ ಇದ್ದುದು ಕೇಳಿಸಿ ಒಂದು ಕ್ಷಣ ನಾಚಿಕೆಯಾಯಿತು, ಆದರೆ ಕೈ ಹಿಂದಕ್ಕೆ ತೆಗೆಯಲಿಲ್ಲ.

ಲೆಕ್ಕಾಚಾರ ಸರಳವಾಗಿತ್ತು. ಹದಿನೆಂಟು ಫಾರ್ಮುಗಳು ಸುಳ್ಳೆಂದು ತಾನು ಒಪ್ಪಿಕೊಂಡರೆ ಮೌನದಂಡ ಬಿದ್ದುಹೋಗುತ್ತದೆ. ಅದು ಬಿದ್ದರೆ 'ಮೌನದಂಡ ಎಲ್ಲಿ' ಎಂದು ಕೇಳುವವರಿಲ್ಲ. ಟೇಪಕ್ಕನ ಹಳೆಯ ಅಧ್ಯಾಯ, ಮಾತು ನಿಲ್ಲಿಸಲು ಬಾರದ ಆ ಬೀದಿಯ ಅಧ್ಯಾಯ, ತಲೆಯೆತ್ತಿ ನಿಲ್ಲುತ್ತದೆ. ಹೋಗುವುದು ತನ್ನ ಹೆಸರು ಮಾತ್ರ. ಐವತ್ತೆರಡು ವರ್ಷಕ್ಕೆ ಅದೇನು ಮಹಾ ಎಂದುಕೊಂಡಳು, ಮತ್ತು ಊಟದ ಡಬ್ಬಿ ತೆರೆದು ಮುಚ್ಚಿದಳು, ತಿನ್ನಲಾಗಲಿಲ್ಲ. ಎರಡೂವರೆಗೆ ಮನೆಯಿಂದ ಫೋನು. ಅತ್ತೆ. ಎಂಬತ್ತು ದಾಟಿದ ಮೇಲೆ ಅತ್ತೆಗೆ ಮಾತು ಬಂದಿತ್ತು. ಅಷ್ಟು ವರ್ಷ ಕೂಡಿಟ್ಟದ್ದನ್ನೆಲ್ಲ ಈಗ ಗಂಟೆಗೊಮ್ಮೆ ಫೋನು ಮಾಡಿ ಖರ್ಚು ಮಾಡುತ್ತಿದ್ದರು. 'ಸಣ್ಣವಳೇ, ನನ್ನ ಕನ್ನಡಕ ಎಲ್ಲಿಟ್ಟೆ? ನಿನ್ನ ಓರಗಿತ್ತಿ ಹುಡುಕ್ತಾನೇ ಇಲ್ಲ. ಎಷ್ಟೊತ್ತಿಗೆ ಬರ್ತೀಯ? ನೀನಿಲ್ಲದಿದ್ರೆ ಮನೇಲಿ ಒಂದು ಮಾತಾಡೋರಿಲ್ಲ ಕಣೇ.' ಹಣೆಯ ಮೇಲಿದೆ ನೋಡಿಕೊಳ್ಳಿ ಎಂದು ಹೇಳಿ ಫೋನಿಟ್ಟು, ಆ ಕೊನೆಯ ವಾಕ್ಯಕ್ಕೆ ಸಿಟ್ಟು ಬರಲಿ ಎಂದು ಕಾದಳು. ಬರಲಿಲ್ಲ. ಅದು ಬರದಿದ್ದದ್ದಕ್ಕೆ ಬಂತು.

ಸಮಿತಿಯ ಕೋಣೆಯಲ್ಲಿ ಮೇಷ್ಟ್ರು ಆಗಲೇ ಮಾತಾಡುತ್ತಿದ್ದರು. ಹೊರಗಿನ ಪರೀಕ್ಷಕರಾಗಿ ಬಂದಿದ್ದವರು ಅದೇ ನಿವೃತ್ತ ಅಧಿಕಾರಿ. ಈಗ ಇನ್ನಷ್ಟು ದಪ್ಪಗಾಗಿದ್ದರು, ಪ್ರಬಂಧದ ಮೌನದಂಡದ ಅಧ್ಯಾಯದಲ್ಲಿ ಬೆರಳಿಟ್ಟುಕೊಂಡು ಕೂತಿದ್ದರು. ಟೇಪಕ್ಕ ಮೇಜಿನ ಕೊನೆಯಲ್ಲಿ. ಮಾರ್ಗದರ್ಶಕಿಯ ಕುರ್ಚಿಯಲ್ಲಿ ಕೂತ ಅವಳು ಟೇಪಕ್ಕನ ಹಳೆಯ ಅಧ್ಯಾಯವನ್ನು ತೊಡೆಯ ಮೇಲಿಟ್ಟುಕೊಂಡು, ಮೇಷ್ಟ್ರು ಉಸಿರು ತೆಗೆದುಕೊಳ್ಳುವ ಜಾಗಕ್ಕಾಗಿ ಕಾದು, 'ಸರ್, ಒಂದು ವಿಷಯ ಹೇಳ್ಬೇಕು' ಎಂದಳು.

'ಹೇಳಮ್ಮಾ.'

'ಆ ಹದಿನೆಂಟು ಫಾರ್ಮು. ನಾನು ಯಾರನ್ನೂ ಕೇಳಿ ಬರೆದದ್ದಲ್ಲ.'

'ಅಂದ್ರೆ?'

'ಲೈಬ್ರರೀಲಿ ಕೂತು ಬರೆದೆ. ನಮ್ಮನೇದು ಬರೆದೆ ಸರ್. ಮುಖ್ಯಸ್ಥ ಅಂತ ಬರೆದದ್ದು ನಮ್ಮತ್ತೇನ. ಎರಡನೇ ಮಾದರಿ ನಮ್ಮನೆಯವರು.'

ಅಧಿಕಾರಿ ಗೊಳ್ಳೆಂದು ನಕ್ಕರು, ಯಾರೂ ಜೊತೆಗೂಡದಿದ್ದಾಗ ನಿಲ್ಲಿಸಿದರು. ಮೇಷ್ಟ್ರು ಕನ್ನಡಕ ತೆಗೆದರು. ಕನ್ನಡಕವಿಲ್ಲದ ಅವರ ಕಣ್ಣುಗಳನ್ನು ಅವಳು ನೋಡಿರಲಿಲ್ಲ. ಅವು ಸಣ್ಣವಾಗಿದ್ದವು, ಒದ್ದೆಯಾಗಿದ್ದವು. 'ಆ ಬೀದಿಗೆ ಹೋಗೇ ಇರಲಿಲ್ವಾ?' ಎಂದರು.

'ಒಂದ್ಸಲ ಹೋಗಿದ್ದೆ. ಮಧ್ಯಾಹ್ನ ಮೂರಕ್ಕೆ.'

ಹೇಳಿ ಮುಗಿದ ಮೇಲೆ ಹಗುರವಾಗುತ್ತದೆ ಎಂದು ಅವಳು ಓದಿದ್ದೆಲ್ಲ ಸುಳ್ಳು. ಎಂಬತ್ತರ ಹತ್ತಿರದ ಒಬ್ಬ ಮನುಷ್ಯ ತನ್ನ ಜೀವಮಾನದ ಪುಸ್ತಕ ಕುಸಿಯುವುದನ್ನು ಬಾಯಿ ತೆರೆದುಕೊಂಡು ನೋಡುತ್ತಿದ್ದ, ಅಷ್ಟೆ. ಆಗ ಅಧಿಕಾರಿ ಬೆರಳಿಟ್ಟಿದ್ದ ಪುಟ ಬಿಡಿಸಿದರು. 'ಇರಿ ಇರಿ. ನೀವು ಹೋಗಿರಲಿಲ್ಲ, ಒಪ್ಪಿದೆ. ಆದ್ರೆ ಈ ಯಮ್ಮ ಹೋಗಿದಾರಲ್ಲ? ಹದಿನಾಲ್ಕು ತಿಂಗಳು, ಮೇಲೆ ಎರಡು. ಇವರು ಕಂಡದ್ದೂ ಅದೇನೇ ಅಲ್ವಾ? ನೋಡಿ, ಆರಕ್ಕಾರೂ!'

ಮೇಷ್ಟ್ರು ಕನ್ನಡಕ ಹಾಕಿಕೊಂಡರು. ಬಣ್ಣ ಮೊದಲು ಕಿವಿಗೆ, ಆಮೇಲೆ ಕೆನ್ನೆಗೆ ಬಂತು. 'ಅಂದ್ರೆ...' ಎಂದರು. 'ಅಂದ್ರೆ ನೀನು ಮನೇಲಿ ಕೂತು ಊಹಿಸಿದ್ದನ್ನ ಈ ಹುಡುಗಿ ಬೀದೀಲಿ ಹೋಗಿ ಕಂಡು ಬಂದಿದಾಳೆ! ಇದಕ್ಕ್ಯಾಕಮ್ಮಾ ಅಳುಮುಖ? ಇದು ಅಂತರ್ದೃಷ್ಟಿ! ಮುಂದಿನ ಆವೃತ್ತಿಯ ಮುನ್ನುಡೀಲಿ ನಾನೇ ಬರೀತೀನಿ. ಮೊದಲು ಮೌನದಂಡಕ್ಕೆ ಒಂದೇ ಆಧಾರ ಅಂತ ಗೊಣಗೋರು, ಈಗ ಒಂದಕ್ಕೊಂದು ಸಂಬಂಧವಿಲ್ಲದ ಎರಡು!' ಮಾತು ಮತ್ತೆ ಹರಿಯತೊಡಗಿತು. ಅವಳು ಮೂರು ಸಲ ಬಾಯಿ ತೆರೆದಳು. ತನ್ನ ಸುಳ್ಳನ್ನು ಒಪ್ಪಿಕೊಂಡರೆ ಸಾಲದು, ಇನ್ನೊಂದು ಸುಳ್ಳನ್ನೂ ಎತ್ತಿ ತೋರಿಸಬೇಕು, ಅದು ತನ್ನದಲ್ಲ. ಟೇಪಕ್ಕ ಮೇಜನ್ನೇ ನೋಡುತ್ತಿದ್ದಳು. ಮುಷ್ಟಿಯಲ್ಲಿ ರೆಕಾರ್ಡರಿತ್ತು.

'ಒಂದೇ ಪ್ರಶ್ನೆ' ಎಂದರು ಅಧಿಕಾರಿ. 'ನೂರ ಹನ್ನೆರಡನೇ ಪುಟ. ಈ ನಲ್ಲಿ ಬಿಟ್ಟುಕೊಂಡು ಮಾತಾಡೋದು. ಇಂಥದ್ದು ನಾನು ಎಲ್ಲೂ ಓದಿಲ್ಲ. ಮೈ ಝುಂ ಅಂತು. ಇದು ನಿಜಾನಾ ಅಂತ ಗೈಡು ಹೇಳ್ಬೇಕು. ಹೇಳಿ ಮೇಡಂ.'

ಅವಳ ತೊಡೆಯ ಮೇಲೆ ಹಳೆಯ ಅಧ್ಯಾಯವಿತ್ತು. ಚಾಡಿ, ಗೊಣಗು, ಹಾಡು, ಬೈಗುಳ, ಹೆಗಲ ಮೇಲಿನ ಕೈಗಳು, ಹದಿನಾಲ್ಕು ತಿಂಗಳ ಅಷ್ಟೂ ಗದ್ದಲ ಅಲ್ಲಿ ಬಾಯಿ ಮುಚ್ಚಿಕೊಂಡು ಕೂತಿತ್ತು. ಅದನ್ನು ಮೇಜಿನ ಮೇಲಿಡಲು ಎರಡು ಗೇಣು ಕೈ ಎತ್ತಿದರೆ ಸಾಕು. ದೂರದ ಊರಿನ ಆ ಕೋಣೆ ಹೇಗಿರಬಹುದು ಎಂದು ಯೋಚಿಸಿದಳು. ಒಂದು ಕಿಟಕಿ ಇರಬಹುದು. ಬೇಕಾದಾಗ ಜೋರಾಗಿ ಮಾತಾಡಬಹುದು, ಯಾರೂ ಇಲ್ಲದಿದ್ದರೂ.

'ನಲ್ಲಿ ವಿಷಯ ನಿಜ' ಎಂದಳು.

'ಅಷ್ಟು ಸಾಕು. ಮುಂದಿನ ಬ್ಯಾಚಿಂದ ಪಾಠದಲ್ಲಿ ಸೇರಿಸ್ತೀವಿ.'

'ಸರ್' ಎಂದಳು ಅವಸರದಲ್ಲಿ, 'ಮಾತಾಡದೆ ಕೂತವರನ್ನೆಲ್ಲ ಹಿಡ್ಕೊಂಡು ಬರಬೇಡಿ ಅಂತ ಹೇಳಿ. ಬೇರೆ ಬೇರೆ ಕಾರಣಕ್ಕೆ ಸುಮ್ಮನಿರ್ತಾರೆ. ಆ ತೊದಲ್ತಿದ್ದವನು...'

'ಅಯ್ಯೋ, ಆವಾಗ ಒಂದೇ ಆಧಾರ ಇತ್ತು ಮೇಡಂ' ಎಂದರು ಅಧಿಕಾರಿ, ಅಭಯ ಕೊಡುವಂತೆ. 'ಇನ್ಮೇಲೆ ಎರಡಿದೆಯಲ್ಲ. ಅಂಥ ತಪ್ಪಾಗಲ್ಲ.'

ಹಾಳೆ ಮೇಷ್ಟ್ರಿಂದ ಅಧಿಕಾರಿಗೆ, ಅಧಿಕಾರಿಯಿಂದ ಅವಳಿಗೆ ಬಂತು. ಎರಡು ಸಹಿಗಳಾಗಿದ್ದವು. ಅವಳ ಹೆಸರಿನ ಮುಂದಿನ ಜಾಗ ಖಾಲಿ. ಯಾರ ಮುಖವನ್ನೂ ನೋಡಲಿಲ್ಲ. ನೋಡಿದರೆ ಟೇಪಕ್ಕನ ಮುಖದ ಪಕ್ಕದಲ್ಲೇ ಇನ್ನೊಂದು, ಎಂದೂ ಕಾಣದ, ಮಾತು ಬಾರದೆ ತುಟಿ ಅದುರುವ ಮುಖ ಕಾಣುತ್ತದೆಂದು ಗೊತ್ತಿತ್ತು. ಅದು ನೋಡದೆಯೂ ಕಂಡಿತು. ಪೆನ್ನಿನ ಮುಚ್ಚಳ ತೆಗೆದಳು. ಗೆರೆಯ ಮೇಲೆ ಸಣ್ಣಕ್ಷರದಲ್ಲಿ, ಎಲ್ಲ ಪ್ರಬಂಧಗಳಿಗೂ ಮಾರ್ಗದರ್ಶಕರು ಒಪ್ಪಿಕೊಳ್ಳಬೇಕಾದ ವಾಕ್ಯ ಅಚ್ಚಾಗಿತ್ತು: 'ಮೇಲ್ಕಂಡ ಸಂಗತಿಗಳು ಸತ್ಯವೆಂದು ನಾನು ಖುದ್ದಾಗಿ ಪರಿಶೀಲಿಸಿ ಮನಗಂಡಿರುತ್ತೇನೆ.' ಎಷ್ಟೋ ವರ್ಷಗಳಿಂದ ಎಷ್ಟೋ ಪ್ರಬಂಧಗಳಿಗೆ ಅವಳು ಈ ವಾಕ್ಯದ ಕೆಳಗೆ ಸಹಿ ಹಾಕಿದ್ದಳು, ಪ್ರತಿ ಸಲವೂ 'ಖುದ್ದಾಗಿ' ಎಂಬಲ್ಲಿಗೆ ಬಂದಾಗ ಪೆನ್ನು ಒಂದು ಗಳಿಗೆ ತಡೆಯುತ್ತಿತ್ತು.

ಇವತ್ತು ತಡೆಯಲಿಲ್ಲ.